ಉಸಿರಿನ ಜಗಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರು ಸಂಗೀತದ ಗೊಡವೆಗೆ ಹೋದವರಲ್ಲವೆಂದು ತೋರುತ್ತದೆ. ನಮ್ಮ ಮನೆಯಲ್ಲಿ 1978ರಲ್ಲಿ, ಎಂದರೆ ನಮ್ಮ ಮದುವೆಯಾದ ವರ್ಷದಲ್ಲಿ, ಹುಟ್ಟಿದ ಜಗಳವೊಂದು ಅಂದಿನಿಂದ ಎಷ್ಟು ಸಾವಿರ ಸಲ ನಾವು ಉಂಡು ಮಲಗಿದರೂ ಬೆಳಗಾಗುವಷ್ಟರಲ್ಲಿ ನಮಗಿಂತ ಮೊದಲೇ ಎದ್ದು ಕುಳಿತಿರುತ್ತದೆ. ಹಣಕಾಸಿನ ವಿಷಯವಾಗಿ ನಾವು ವಾದಿಸಿದ್ದುಂಟು. ನೆಂಟರಿಷ್ಟರ ವಿಷಯವಾಗಿ ಮುನಿಸಿಕೊಂಡದ್ದುಂಟು. ಸಾರಿಗೆ ಉಪ್ಪು ಹೆಚ್ಚೋ ಕಡಮೆಯೋ ಎಂಬ ಪ್ರಶ್ನೆಯೂ ಆಗಾಗ ತಲೆದೋರಿದೆ. ಅವೆಲ್ಲ ಕಾಲಕಾಲಕ್ಕೆ ಬಗೆಹರಿದುವು. ಬಗೆಹರಿಯದೆ ಉಳಿದದ್ದು ಒಂದೇ: ಹಾಡುಗಾರರಲ್ಲಿ ಭೀಮಸೇನ ಜೋಶಿಯವರು ಹೆಚ್ಚೋ, ಕುಮಾರ ಗಂಧರ್ವರು ಹೆಚ್ಚೋ? ನಾನು ಮೊದಲನೆಯವರ ಪಕ್ಷ; ನನ್ನ ಪತ್ನಿ ಎರಡನೆಯವರ ಪಕ್ಷ.

ಇದನ್ನು ಕೇಳಿ ನೀವು ನಗಬಹುದು. ಆ ಇಬ್ಬರು ಮಹನೀಯರೂ ಈಗ ನಮ್ಮ ನಡುವೆ ಇಲ್ಲ. ಕುಮಾರರು 1992ರ ಜನವರಿಯಲ್ಲಿ ಮಧ್ಯಪ್ರದೇಶದ ದೇವಾಸದಲ್ಲಿ ತೀರಿಕೊಂಡರು. ಜೋಶಿಯವರು 2011ರ ಜನವರಿಯಲ್ಲಿ ಪುಣೆಯಲ್ಲಿ. ಬದುಕಿದ್ದಾಗಲೂ ಅವರಿಗೆ ಧಾರವಾಡದ ಒಂದು ಓಣಿಯ ಈ ದಂಪತಿಗಳ ತೀರ್ಪು ಬೇಕಾಗಿರಲಿಲ್ಲ. ಆದರೂ ನಮ್ಮ ನ್ಯಾಯಾಲಯ ಪ್ರತಿನಿತ್ಯ ಸೇರುತ್ತದೆ. ವಕೀಲರಿಬ್ಬರಿದ್ದೇವೆ, ನ್ಯಾಯಾಧೀಶರ ಪೀಠ ಮಾತ್ರ ಮೊದಲಿನಿಂದಲೂ ಖಾಲಿ.

ಮೊದಮೊದಲು ಇದು ಊರಿನ ಅಭಿಮಾನದ ಜಗಳವಾಗಿತ್ತು. ನಾನು ಗದಗಿನವನು. 1922ರಲ್ಲಿ ಹುಟ್ಟಿದ ಜೋಶಿಯವರು ಬಾಲ್ಯವನ್ನು ಕಳೆದದ್ದು ನಮ್ಮ ಸೀಮೆಯಲ್ಲಿ. ಅವರ ತಂದೆ ಶಾಲೆಯ ಮಾಸ್ತರರು. ಹನ್ನೊಂದು ವರ್ಷದ ಹುಡುಗ 1933ರಲ್ಲಿ ಗುರುವನ್ನು ಅರಸಿಕೊಂಡು ಯಾರಿಗೂ ಹೇಳದೆ ಮನೆ ಬಿಟ್ಟು ಹೋದ ಕಥೆಯನ್ನು ನಮ್ಮೂರ ಹಿರಿಯರು ತಾವೇ ಅವನನ್ನು ರೈಲು ಹತ್ತಿಸಿ ಬಂದವರಂತೆ ವರ್ಣಿಸುತ್ತಿದ್ದರು. (ನೀವು ಇದನ್ನು ಅನುಕರಿಸಬೇಕಾಗಿಲ್ಲ, ಓಡಿಹೋದ ಹುಡುಗರಲ್ಲಿ ಬಹುಮಂದಿ ಭೀಮಸೇನರಾಗಲಿಲ್ಲ.) ಉತ್ತರದೇಶದ ಎಷ್ಟೋ ಊರುಗಳನ್ನು ಸುತ್ತಿ ಬಂದ ಆ ಹುಡುಗನಿಗೆ ಕಡೆಗೆ ಗುರು ದೊರೆತದ್ದು ಗದಗಿನಿಂದ ಒಂದು ದಿನದ ದಾರಿಯೊಳಗಿದ್ದ ಕುಂದಗೋಳದಲ್ಲಿ. ಆ ಗುರುಗಳು ಸವಾಯಿ ಗಂಧರ್ವರು.

ನನ್ನ ಪತ್ನಿ ಬೆಳಗಾವಿಯವಳು. ಆ ಊರಿಗೆ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕ, ಹೆಸರಾಂತ ಗಾಯಕರ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿ ಕೇಳಿ, ಅವರು ಹಾಡಿದಂತೆಯೇ ಒಂದು ಎಳೆ ತಪ್ಪದೆ ಹಾಡಿ ತೋರಿಸುತ್ತಿದ್ದ. ಆ ಬೆರಗಿನಲ್ಲಿ ಬಂದ ಬಿರುದು 'ಕುಮಾರ ಗಂಧರ್ವ'. ಅದೇ ಆಮೇಲೆ ಹೆಸರಾಗಿ ನಿಂತಿತು. "ನಿಮ್ಮವರು ಗುರುವನ್ನ ಹುಡುಕಲಿಕ್ಕೆ ಊರೂರು ತಿರುಗಿದರು. ನಮ್ಮವರಿಗೆ ಗುರುಗಳೇ ಪೆಟ್ಟಿಗೆಯೊಳಗ ಕೂತು ಮನಿಗೆ ಬಂದರು" ಎಂದು ಅವಳು ಹೇಳುವುದುಂಟು. ಜೋಶಿಯವರಿಗೆ ಹಾಡಿನ ಹುಚ್ಚು ಹಿಡಿಸಿದ್ದೂ ಅಬ್ದುಲ್ ಕರೀಂ ಖಾನರ ಒಂದು ತಟ್ಟೆಯೇ ಎಂದು ನಾನು ನೆನಪು ಮಾಡಿಕೊಟ್ಟರೆ, ಅದನ್ನು ಅವಳು ಕೇಳಿಸಿಕೊಳ್ಳುವುದಿಲ್ಲ.

ಊರಿನ ಅಭಿಮಾನ ಬಹುಕಾಲ ಬಾಳುವ ಸರಕಲ್ಲ. ಎರಡು ಮೂರು ವರ್ಷಗಳಲ್ಲಿ ಜಗಳ ಊರನ್ನು ಬಿಟ್ಟು ಗಂಟಲಿಗೆ ಇಳಿಯಿತು. ಗಂಟಲಿನಿಂದ ಇನ್ನೂ ಕೆಳಗೆ ಎದೆಗೆ, ಉಸಿರಿಗೆ ಇಳಿಯಿತು. ಅಂದಿನಿಂದ ಅದು ಅಲ್ಲಿಯೇ ಇದೆ. ಅದನ್ನು ವಿವರಿಸುವ ಮುನ್ನ ದನಿ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಾವು ಉಸಿರನ್ನು ಒಳಕ್ಕೆ ಎಳೆದುಕೊಂಡಾಗ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯು ಕೆಳಕ್ಕೆ ಇಳಿಯುತ್ತದೆ, ಶ್ವಾಸಕೋಶಗಳು ಹಿಗ್ಗುತ್ತವೆ. ಆ ಗಾಳಿ ಮರಳಿ ಹೊರಗೆ ಬರುವಾಗ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳ ನಡುವೆ ನುಸುಳಿ ಅವುಗಳನ್ನು ಕಂಪಿಸುತ್ತದೆ. ತಂತುಗಳು ಬಿಗಿಯಾದರೆ ಸ್ವರ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಅವು ಸರಿಯಾಗಿ ಕೂಡಿಕೊಳ್ಳದಿದ್ದರೆ ಗಾಳಿ ಸೋರಿ ಪೋಲಾಗುತ್ತದೆ, ದನಿ ಗೊರಗೊರ ಎನ್ನುತ್ತದೆ. ಆದುದರಿಂದ ದೀರ್ಘವಾಗಿ ಹಾಡುವವನಿಗೆ ದೊಡ್ಡ ಎದೆಯಿದ್ದರೆ ಮಾತ್ರ ಸಾಲದು. ಒಳಗೆ ತುಂಬಿಕೊಂಡ ಗಾಳಿಯನ್ನು ಜಿಪುಣನು ಕಾಸನ್ನು ಬಿಚ್ಚುವಂತೆ, ಇಷ್ಟಿಷ್ಟೇ, ಒಂದೇ ಸಮನಾಗಿ ಬಿಡುವ ಹತೋಟಿ ಬೇಕು.

ನಾನು ಮೂವತ್ತೈದು ವರ್ಷ ಲೆಕ್ಕಪತ್ರ ಬರೆದು ಹೊಟ್ಟೆ ಹೊರೆದವನು. ಈ ಜಿಪುಣತನ ನನಗೆ ಹಿಡಿಸಿದ್ದರಲ್ಲಿ ಸೋಜಿಗವೇನೂ ಇಲ್ಲ. ಜೋಶಿಯವರು ಮಂದ್ರದಲ್ಲಿ ಒಂದು ಸ್ವರವನ್ನು ಹಿಡಿದು, ಅದರ ಸುತ್ತ ಅವಸರವಿಲ್ಲದೆ ಸುಳಿದು, ಮುಂದಿನ ಸ್ವರಕ್ಕೆ ಕೈಹಿಡಿದು ನಡೆಸಿಕೊಂಡು ಹೋಗುವ ರೀತಿ ಕಿರಾಣಾ ಘರಾಣೆಯದು. ಒಂದೊಂದೇ ಸ್ವರವನ್ನು ಕಟ್ಟಿಕೊಂಡು ಏರುತ್ತ ಏರುತ್ತ, ಇನ್ನು ಕೇಳುವವರಿಗೆ ತಡೆಯಲಾರದು ಎನ್ನುವಾಗ ತಾರಷಡ್ಜದಲ್ಲಿ ಹೋಗಿ ನಿಲ್ಲುತ್ತಾರೆ. ಆ ನಿಲುವು ಅಲುಗುವುದಿಲ್ಲ. ಕೇಳುವವನು ತನ್ನ ಉಸಿರನ್ನು ತಾನೇ ಬಿಗಿಹಿಡಿದು ಕುಳಿತಿರುತ್ತಾನೆ. ಅವನದು ಮುಗಿಯುತ್ತದೆ, ಅವರದು ಮುಗಿಯುವುದಿಲ್ಲ. ಆಮೇಲೆ ಬರುವ ತಾನುಗಳು! ಆಕಾರದಲ್ಲಿ, ಎಂದರೆ ಬಾಯನ್ನು ಪೂರ್ತಿಯಾಗಿ ತೆರೆದ 'ಆ' ಎಂಬ ಒಂದೇ ಸ್ವರದಲ್ಲಿ, ಮೂರು ಸ್ಥಾಯಿಗಳನ್ನೂ ಒಂದೇ ಹಿಡಿತದಲ್ಲಿ ತಿರುಗಿಸಿ ತಂದು ಸಮದ ಮೇಲೆ ಇಳಿಸಿದಾಗ, ಮಳೆಗಾಲದಲ್ಲಿ ಗೋಕಾಕದ ಜಲಪಾತದ ಎದುರು ನಿಂತಂತಾಗುತ್ತದೆ. 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನದಲ್ಲಿ ಪ್ರಸಾರವಾದ ರಾಷ್ಟ್ರೈಕ್ಯದ ಗೀತೆಯನ್ನು ಇಡೀ ದೇಶ ಕೇಳಿತಲ್ಲ, ಅದರ ಮೊದಲ ದನಿ ಅವರದು. ಹಲವು ನುಡಿಗಳ ಹಾಡಿಗೆ ತಳಪಾಯ ಹಾಕಲು ಅಂಥ ದನಿಯೇ ಬೇಕಾಗಿತ್ತು ಎಂಬುದು ನನ್ನ ಮತ.

ಒಮ್ಮೆ ಅವರ ಧ್ವನಿಮುದ್ರಿಕೆಯನ್ನು ಹಾಕಿಕೊಂಡು, ಗಡಿಯಾರ ಹಿಡಿದು ಕುಳಿತು, ಯಾವ ಸ್ವರದಲ್ಲಿ ಎಷ್ಟು ಸೆಕೆಂಡು ನಿಂತರೆಂಬುದನ್ನು ಚೀಟಿಯಲ್ಲಿ ಗೆರೆ ಹಾಕಿ ಬರೆದಿಟ್ಟೆ. ಪತ್ನಿಯ ಬಾಯಿ ಮುಚ್ಚಿಸಲು ಅಂಕಿಅಂಶಗಳಿಗಿಂತ ಬಲವಾದ ಸಾಕ್ಷ್ಯ ಬೇರೆ ಇಲ್ಲವೆಂದು ನನ್ನ ನಂಬಿಕೆಯಾಗಿತ್ತು. ಅವಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಗ್ಗ ಎಷ್ಟು ಮಾರು ಉದ್ದ ಐತಿ ಅಂತ ಬರದೀರಿ. ಬಾವಿಯೊಳಗಿಂದ ನೀರು ಬಂತೋ ಇಲ್ಲೋ ಅದನ್ನ ಬರದೇ ಇಲ್ಲಲ್ರೀ?" ಎಂದಳು. ಮರುದಿನ ಬೆಳಗ್ಗೆ ಬಚ್ಚಲ ಒಲೆ ಹೊತ್ತಿಸುವಾಗ ಆ ಚೀಟಿ ಉಪಯೋಗಕ್ಕೆ ಬಂತು.

ಅವಳ ವಾದ ಬೇರೆಯೇ ನೆಲೆಯಲ್ಲಿ ನಿಂತದ್ದು. ಕುಮಾರ ಗಂಧರ್ವರ ಬದುಕಿನಲ್ಲಿ ಒಂದು ದೊಡ್ಡ ವಿಪತ್ತು ಒದಗಿತು. ಇಪ್ಪತ್ತರ ಹರೆಯದಲ್ಲಿ, ದೇಶದಲ್ಲೆಲ್ಲ ಹೆಸರು ಹಬ್ಬುತ್ತಿದ್ದಾಗ, ಅವರಿಗೆ ಕ್ಷಯರೋಗ ತಗಲಿತು. ಆ ಕಾಲದಲ್ಲಿ ಕ್ಷಯವೆಂದರೆ ಜನ ಪಿಸುಮಾತಿನಲ್ಲಿ ಹೇಳುವ ಹೆಸರು. ಒಣಹವೆ ಒಳ್ಳೆಯದೆಂದು 1948ರಲ್ಲಿ ಮಾಳವ ಪ್ರಾಂತದ ದೇವಾಸಕ್ಕೆ ಹೋಗಿ ನೆಲೆಸಿದರು. ವರ್ಷಗಟ್ಟಲೆ ಹಾಸಿಗೆ, ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ಪತ್ನಿ ಭಾನುಮತಿಯವರು ಹಗಲಿರುಳು ಆರೈಕೆ ಮಾಡಿದರು. ಮಲಗಿದ್ದಲ್ಲಿಗೆ ಕೇಳಿಬರುತ್ತಿದ್ದ ಮಾಳವದ ಹಳ್ಳಿಯ ಹಾಡುಗಳು, ಅಲೆಮಾರಿ ಸಾಧುಗಳ ನಿರ್ಗುಣ ಭಜನೆಗಳು ಅವರಿಗೆ ಆಗ ಉಳಿದಿದ್ದ ಸಂಗೀತ. 1943ರಲ್ಲಿ ಕಂಡುಹಿಡಿಯಲ್ಪಟ್ಟ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಅಷ್ಟರಲ್ಲಿ ನಮ್ಮ ದೇಶಕ್ಕೂ ಬಂದಿತ್ತು. ಅದರಿಂದ ಅವರು ಚೇತರಿಸಿಕೊಂಡರು. ಐವತ್ತರ ದಶಕದ ಆರಂಭದಲ್ಲಿ ಮತ್ತೆ ಹಾಡಲು ಕುಳಿತಾಗ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು.

ಇರುವ ಉಸಿರಿನಲ್ಲಿ ಅರ್ಧ ಹೋದವನು ಏನು ಮಾಡಬೇಕು? ಹಳೆಯ ರೀತಿಯಲ್ಲಿಯೇ ಹಾಡಹೊರಟರೆ ಪ್ರತಿಯೊಂದು ಸಾಲಿನಲ್ಲೂ ಕೊರತೆ ಎದ್ದು ಕಾಣುತ್ತದೆ. ಕುಮಾರರು ಹಾಡಿನ ಬಂಧವನ್ನೇ ಬದಲಿಸಿದರು. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ಮಧ್ಯಮಕಾಲದ, ದ್ರುತಕಾಲದ ನಡೆ, ಬಾಣ ಬಿಟ್ಟಂತೆ ಒಮ್ಮೆಲೇ ತಾರಸ್ಥಾಯಿಗೆ ಹಾರಿ ಹೋಗಿ ನಾಟುವ ದನಿ, ಮರುಕ್ಷಣ ಮೌನ. ಎರಡು ತಂಬೂರಿಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಶ್ರುತಿಮಾಡಿ ಇಟ್ಟುಕೊಂಡು ಆ ಮೌನದಲ್ಲಿ ಅವುಗಳನ್ನು ನುಡಿಯಲು ಬಿಡುತ್ತಿದ್ದರು. ಮಾಳವದ ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಂಡುಕೊಂಡರು. ಕಬೀರರ ನಿರ್ಗುಣ ಪದಗಳನ್ನು ಅವರು ಹಾಡಿದ ಮೇಲೆ ಆ ಪದಗಳಿಗೆ ಬೇರೊಂದು ದನಿ ಇರಬಹುದೆಂದು ಕಲ್ಪಿಸಿಕೊಳ್ಳುವುದು ಕಷ್ಟ. ಇಷ್ಟನ್ನು ನಾನೂ ಒಪ್ಪುತ್ತೇನೆ. ಆದರೆ ನಿಧಾನವಾಗಿ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ವಿಲಂಬಿತದ ಮಂದಿರ ಅಲ್ಲಿ ದೊರೆಯುವುದಿಲ್ಲ. ಮಿಂಚಿನ ಬೆಳಕಿನಲ್ಲಿ ದಾರಿ ಕಾಣಿಸೀತು. ಮಿಂಚನ್ನು ನೆಚ್ಚಿ ಊರು ಸೇರಲಾಗದು ಎಂದು ನಾನು ವಾದಿಸುತ್ತೇನೆ. "ಅವರು ಊರು ಸೇರಿಸ್ತೀನಿ ಅಂತ ಎಲ್ಲಿ ಹೇಳ್ಯಾರ್ರೀ?" ಎಂದು ಅವಳು ಕೇಳುತ್ತಾಳೆ.

ನಮ್ಮ ನಡುವೆ ಕದನವಿರಾಮವೇ ಇಲ್ಲವೆಂದು ತಿಳಿಯಬಾರದು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿದೆ. ಅವರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆಯೇ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. 1930ರ ದಶಕದ ಅವರ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರದ ಹೆಣ್ಣುದನಿ. ಆಮೇಲೆ ಗಂಟಲಿಗೆ ಚಿಕಿತ್ಸೆಯಾಗಿ ದನಿ ಗಡುಸಾಯಿತು, ಆಳಕ್ಕೆ ಇಳಿಯಿತು. ಆಕಾಶವಾಣಿಯಲ್ಲಿ ಮೊದಲ ಸಲ ಕೇಳಿದವರು ಹಾಡುತ್ತಿರುವವರು ಗಂಡಸರೆಂದೇ ತಿಳಿಯುವುದುಂಟು. ಬೇರೆ ಯಾರಾದರೂ ಆಗಿದ್ದರೆ ಕಳೆದುಹೋದ ದನಿಗಾಗಿ ಮರುಗುತ್ತ ಕೂರುತ್ತಿದ್ದರೇನೋ. ಅವರು ಶ್ರುತಿಯನ್ನು ಇಳಿಸಿಕೊಂಡು, ಬಂದ ದನಿಯನ್ನೇ ಸಾಧಿಸಿ, ತೊಂಬತ್ತರ ವಯಸ್ಸನ್ನು ದಾಟಿದ ಮೇಲೂ ವೇದಿಕೆಯ ಮೇಲೆ ಕುಳಿತರು. ಅವರ ಹಾಡು ಹಾಕಿದ ದಿನ ನಮ್ಮ ಮನೆಯಲ್ಲಿ ಶಾಂತಿ. ಆದರೆ ಪ್ರತಿದಿನವೂ ಶಾಂತಿಯನ್ನು ಯಾರು ಸಹಿಸಿಯಾರು?

ಪತ್ನಿಯ ಪಕ್ಷಪಾತಕ್ಕೆ ಒಂದು ಹಿನ್ನೆಲೆಯಿದೆ. ಅದು ನನಗೆ ಮದುವೆಯ ಮೊದಲ ವರ್ಷವೇ ತಿಳಿದಿತ್ತು. ಆದರೂ ವಾದದ ನಡುವೆ ನಾನೂ ಅದನ್ನು ಎತ್ತಿದವನಲ್ಲ, ಅವಳೂ ಎತ್ತಿದವಳಲ್ಲ. ಅವಳು ಎಂಟನೆಯ ವಯಸ್ಸಿನಿಂದ ಹಾಡುಗಾರಿಕೆ ಕಲಿತಿದ್ದಳು. ತಂದೆ ಮಗಳಿಗಾಗಿ ಮಿರಜಿಗೆ ಹೋಗಿ ತಂಬೂರಿ ತಂದಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಉಬ್ಬಸ ಕಾಣಿಸಿಕೊಂಡಿತು. ಉಬ್ಬಸವೆಂದರೆ ಉಸಿರು ಒಳಗೆ ಹೋಗದ ರೋಗವೆಂದು ಅನೇಕರು ತಿಳಿದಿದ್ದಾರೆ. ಹೆಚ್ಚಿನ ಕಷ್ಟವಿರುವುದು ಹೊರಗೆ ಬಿಡುವುದರಲ್ಲಿ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಅಲ್ಲಿಯೇ ಸಿಕ್ಕಿಕೊಂಡು, ಎದೆ ತುಂಬಿದ್ದರೂ ಬರಿದಾದಂತೆ ಒದ್ದಾಡುತ್ತದೆ. ಹಾಡುವುದೆಂದರೆ ಉಸಿರನ್ನು ಹೊರಗೆ ಬಿಡುವುದಷ್ಟೆ? ಅವಳಿಗೆ ಕಷ್ಟವಾದದ್ದು ಸರಿಯಾಗಿ ಆ ಕೆಲಸವೇ. ಒಂದು ವರ್ಷ ಹೇಗೋ ನಡೆಯಿತು. ಆಮೇಲೆ ಪಾಠ ಹೇಳುತ್ತಿದ್ದವರು, ಷಡ್ಜದಲ್ಲಿ ನಿಲ್ಲಲಾರದವಳಿಗೆ ಸಂಗೀತವೇಕೆ ಎಂದುಬಿಟ್ಟರು. ತಂಬೂರಿಗೆ ಗವಸು ಬಿತ್ತು. ಅದೇ ತಿಂಗಳಲ್ಲೋ ಮುಂದಿನ ತಿಂಗಳಲ್ಲೋ ಅಣ್ಣನ ಗೆಳೆಯನೊಬ್ಬನ ಮನೆಯಲ್ಲಿ ಅವಳು ಕುಮಾರ ಗಂಧರ್ವರ ತಟ್ಟೆಯನ್ನು ಕೇಳಿದಳಂತೆ. ಹಾಡು ಮುಗಿದ ಮೇಲೆ, ಇವರಿಗೂ ಉಸಿರಿನ ತೊಂದರೆಯೇ ಎಂದು ಅವಳು ಕೇಳಿದಳಂತೆ. ಕುಮಾರರ ಕಾಯಿಲೆಯ ಸಂಗತಿ ಆಗ ಅವಳಿಗೆ ಗೊತ್ತೇ ಇರಲಿಲ್ಲ.

ಆದರೂ ಅವಳು ಮತ್ತೆ ಹಾಡಲಿಲ್ಲ. ಮದುವೆಯಾಗಿ ಬಂದಾಗ ತಂಬೂರಿಯೂ ಬಂತು. ಗವಸು ತೆಗೆಯದೆ ಅಟ್ಟದ ಪಕ್ಕದ ಮೂಲೆಯಲ್ಲಿ ನಿಂತಿತು. ಧಾರವಾಡದ ಮಳೆಗಾಲ, ಅದರ ಜಿನುಗು, ಗೋಡೆಯ ತೇವ ಉಬ್ಬಸಕ್ಕೆ ಹೇಳಿ ಮಾಡಿಸಿದಂಥವು. ಎಷ್ಟೋ ರಾತ್ರಿ ಅವಳು ಹಾಸಿಗೆಯ ಮೇಲೆ ಎದ್ದು ಕುಳಿತು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿಕೊಂಡು, ಒಂದೊಂದು ಉಸಿರನ್ನೂ ಹೊರಗೆ ತಳ್ಳುತ್ತಿರುವಾಗ ನಾನು ಬೆನ್ನು ನೀವುತ್ತ ಪಕ್ಕದಲ್ಲಿ ಕುಳಿತಿದ್ದೇನೆ. ಅಂಥ ರಾತ್ರಿಗಳಲ್ಲಿಯೂ ನಾನು ಎಣಿಸುತ್ತಿದ್ದೆ. ಲೆಕ್ಕದವನ ಮನಸ್ಸು, ಅದಕ್ಕೆ ಬೇರೆ ಪ್ರಾರ್ಥನೆ ತಿಳಿಯದು. ಈಚಿನ ವರ್ಷಗಳಲ್ಲಿ ಬಾಯಿಂದ ಎಳೆದುಕೊಳ್ಳುವ ಔಷಧಿ ಬಂದು ಅವಳ ಸ್ಥಿತಿ ಬಹಳ ಸುಧಾರಿಸಿದೆ. ಹಾಡಿದರೆ ತೊಂದರೆಯೇನೂ ಇಲ್ಲವೆಂದು ವೈದ್ಯರೇ ಹೇಳಿದ್ದರು. "ಈಗ್ಯಾಕ?" ಎಂದು ಅವಳು ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಹೋದ ವರ್ಷ ನಮ್ಮ ಮೊಮ್ಮಗಳು ಓದಲೆಂದು ನಮ್ಮ ಮನೆಗೆ ಬಂದಳು. ನಿಮ್ಮ ಹಾಗೆ ಅವಳೂ ಒಂಬತ್ತನೆಯ ತರಗತಿ. ಸಂಜೆ ಸಂಗೀತದ ಪಾಠಕ್ಕೆ ಹೋಗುತ್ತಾಳೆ. ಭೂಪ ರಾಗ ನಡೆದಿತ್ತು. ಭೂಪವೆಂದರೆ ದಕ್ಷಿಣದ ಮೋಹನವನ್ನು ಹೋಲುವ ಐದು ಸ್ವರಗಳ ರಾಗ. ಗಾಂಧಾರ ಅದರ ಜೀವ. ಒಂದು ಸಂಜೆ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಬಂದು ಚೀಲವನ್ನು ಮೂಲೆಗೆ ಎಸೆದಳು. "ಆಯಿ, ನಾ ನಾಳೆಯಿಂದ ಪಾಠಕ್ಕ ಹೋಗೂದಿಲ್ಲ" ಎಂದಳು. (ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುವುದು ರೂಢಿ.) ಗಾಂಧಾರದ ಮೇಲೆ ನಿಂತಾಗ ಉಸಿರು ಸಾಲಲಿಲ್ಲವಂತೆ, ದನಿ ನಡುಗಿತಂತೆ, ಜೊತೆಯ ಹುಡುಗಿಯರು ನಕ್ಕರಂತೆ. "ನನಗ ಉಸಿರೇ ಇಲ್ಲ, ಸಂಗೀತ ಯಾಕ ಬೇಕು?"

ಆ ಮಾತು ಕೇಳಿ ಪತ್ನಿಯ ಕೈಯಲ್ಲಿದ್ದ ಅಕ್ಕಿಯ ಮೊರ ನಿಂತುಹೋಯಿತು. ನಾನು ಕೂಡಲೇ ನನ್ನ ಶಾಸ್ತ್ರವನ್ನು ಬಿಚ್ಚಿದೆ. ಉಸಿರು ತೆಗೆದುಕೊಳ್ಳುವಾಗ ಹೆಗಲನ್ನು ಎತ್ತಬಾರದು, ಹೊಟ್ಟೆ ಮತ್ತು ಪಕ್ಕೆಗಳು ಹಿಗ್ಗಬೇಕು. ನಸುಕಿನಲ್ಲಿ ಎದ್ದು ಮಂದ್ರದ ಸ್ವರಗಳನ್ನು ಸಾಧಿಸಬೇಕು. ಮೇಣದಬತ್ತಿ ಹಚ್ಚಿ ಅದರ ಎದುರು 'ಆ' ಎಂದು ಹಾಡಬೇಕು, ಜ್ವಾಲೆ ಬಾಗಿದರೆ ಗಾಳಿ ಪೋಲಾಗುತ್ತಿದೆ ಎಂದು ಅರ್ಥ. ಹೀಗೆ ಆರು ತಿಂಗಳು ಮಾಡಿದರೆ ಉಸಿರು ತಾನಾಗಿ ಬೆಳೆಯುತ್ತದೆ ಎಂದೆ. ಇವೆಲ್ಲ ಸರಿಯಾದ ಮಾತುಗಳೇ; ಇಂದಿಗೂ ನಾನು ಅವುಗಳಿಂದ ಹಿಂದೆ ಸರಿದಿಲ್ಲ.

"ಆರು ತಿಂಗಳು ಯಾಕ ಕಾಯಬೇಕು? ಇದ್ದ ಉಸಿರಿನಾಗ ಇವತ್ತೇ ಹಾಡಲಿ" ಎಂದಳು ಪತ್ನಿ.

"ನಿಲ್ಲಲಿಕ್ಕೆ ಬಾರದೆ ಹೆಂಗ ಹಾಡ್ತಾಳ? ಭೂಪದಾಗ ಗಾಂಧಾರ ನಿಲ್ಲದಿದ್ದರ ಅದು ಭೂಪ ಹೆಂಗಾಗತೈತಿ?" ಎಂದೆ ನಾನು.

"ಗಾಂಧಾರ ನಿಲ್ಲಬೇಕು, ಖರೆ. ಹಾಡೋರೇ ನಿಲ್ಲಿಸಬೇಕು ಅಂತ ಯಾರು ಹೇಳ್ಯಾರ?"

ಈ ಒಗಟು ನನಗೂ ತಿಳಿಯಲಿಲ್ಲ, ಹುಡುಗಿಗೂ ತಿಳಿಯಲಿಲ್ಲ. ಪತ್ನಿ ಎದ್ದು ಹೋಗಿ ಮೂಲೆಯಲ್ಲಿದ್ದ ತಂಬೂರಿಯನ್ನು ಎತ್ತಿ ತಂದಳು. ಗವಸು ಬಿಚ್ಚಿದಾಗ ಧೂಳು ಎದ್ದಿತು. ಉಬ್ಬಸದವಳು, ನಾನು ಗಾಬರಿಯಾಗಿ ಕಿಟಕಿ ತೆರೆದೆ. ಎರಡು ತಂತಿಗಳು ತುಂಡಾಗಿದ್ದುವು, ಉಳಿದವು ತುಕ್ಕು ಹಿಡಿದಿದ್ದುವು. ಅಂದು ಜಗಳ ಅಲ್ಲಿಗೇ ನಿಂತಿತು. ಮರುದಿನ ಮೊಮ್ಮಗಳೇ ಅಂಗಡಿಗೆ ಹೋಗಿ ಹೊಸ ತಂತಿಗಳನ್ನು ತಂದಳು. ಕಟ್ಟಿ, ಬಿರಡೆ ತಿರುಗಿಸಿ, ಕುದುರೆಯ ಮೇಲೆ ತಂತಿಗಳ ಕೆಳಗೆ ನೂಲಿನ ಎಳೆಗಳನ್ನು ಸರಿಸಿ ಸರಿಸಿ ಝೇಂಕಾರ ಹುಟ್ಟುವ ಜಾಗವನ್ನು ಹುಡುಕುವುದಕ್ಕೆ ಇಬ್ಬರಿಗೂ ಎರಡು ಸಂಜೆ ಹಿಡಿಯಿತು. ಮೂರನೆಯ ಸಂಜೆ ತಂಬೂರಿ ನುಡಿಯಿತು: ಪಂಚಮ, ಎರಡು ಷಡ್ಜ, ಕೊನೆಗೆ ಖರಜದ ದಪ್ಪ ತಂತಿ.

"ಈಗ ಹಾಡಬ್ಯಾಡ. ಬರೇ ಕೇಳು" ಎಂದಳು ಮೊಮ್ಮಗಳಿಗೆ.

ಕೇಳಿದೆವು. ಖರಜದ ತಂತಿಯನ್ನು ಮೀಟಿದ ಮೇಲೆ ಷಡ್ಜ ಆರುತ್ತಿದ್ದಂತೆ ಅದರೊಳಗಿಂದ ಬೇರೊಂದು ಸ್ವರ, ತೆಳುವಾಗಿ, ಎತ್ತರದಲ್ಲಿ, ಎಲ್ಲಿಂದಲೋ ಬಂದಂತೆ ಕೇಳಿಸತೊಡಗಿತು. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಒಂದು ತಂತಿ ಕಂಪಿಸುವಾಗ ಇಡಿಯಾಗಿ ಮಾತ್ರವಲ್ಲದೆ ಎರಡು, ಮೂರು, ನಾಲ್ಕು, ಐದು ಪಾಲುಗಳಾಗಿಯೂ ಕಂಪಿಸುತ್ತದೆ. ಐದನೆಯ ಪಾಲಿನ ಕಂಪನದಿಂದ ಹುಟ್ಟುವ ಸ್ವರವೇ ಗಾಂಧಾರ. ತಂಬೂರಿ ಸರಿಯಾಗಿ ಶ್ರುತಿಗೂಡಿದರೆ ಯಾರೂ ಹಾಡದಿದ್ದರೂ ಅದು ಅಲ್ಲಿರುತ್ತದೆ. ಮೊಮ್ಮಗಳ ಕಣ್ಣು ಅರಳಿತು. "ಯಾರು ಹಾಡಾಕತ್ತಾರ ಆಯಿ?" ಎಂದು ಪಿಸುಗುಟ್ಟಿದಳು.

ಪತ್ನಿ ಉತ್ತರ ಹೇಳಲಿಲ್ಲ. ಹಾಡಿದಳು. ರಿಷಭದಿಂದ ಗಾಂಧಾರವನ್ನು ಮುಟ್ಟಿದಳು, ಮುಟ್ಟಿ, ಬಿಟ್ಟಳು. ಅವಳು ಬಿಟ್ಟ ಜಾಗದಲ್ಲಿ ತಂಬೂರಿಯ ಗಾಂಧಾರ ಮುಂದುವರಿದಿತ್ತು. ಅಷ್ಟರಲ್ಲಿ ಉಸಿರು ತೆಗೆದುಕೊಂಡು ಪಂಚಮವನ್ನು ಮುಟ್ಟಿ ಮರಳಿ ಗಾಂಧಾರಕ್ಕೆ ಬಂದಳು, ಮತ್ತೆ ಬಿಟ್ಟಳು. ದನಿ ಒರಟಾಗಿತ್ತು, ಮೇಲಿನ ಸ್ವರಗಳಲ್ಲಿ ಅಲ್ಲಲ್ಲಿ ಒಡೆಯುತ್ತಿತ್ತು. ನಲವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಜೊತೆಗೆ ಬಾಳಿದ ಮೇಲೂ ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಮೂರು ನಾಲ್ಕು ನಿಮಿಷ ಹಾಡಿರಬೇಕು. ಈ ಸಲ ನಾನು ಎಣಿಸಲಿಲ್ಲ.

ಮೊಮ್ಮಗಳು ಪಕ್ಕದಲ್ಲಿ ಕುಳಿತು ಹಾಗೆಯೇ ಮುಟ್ಟಿ ಬಿಡುವುದನ್ನು ಪ್ರಯತ್ನಿಸಿದಳು. ದನಿ ನಡುಗುವಷ್ಟರಲ್ಲಿ ಬಿಟ್ಟುಬಿಡುವುದರಿಂದ ನಡುಕ ಯಾರಿಗೂ ಕೇಳಿಸಲಿಲ್ಲ. ಪಾಠ ಬಿಡುವ ಮಾತು ಅಂದಿನಿಂದ ಬಂದಿಲ್ಲ. ಬೆಳಗ್ಗೆ ಮೇಣದಬತ್ತಿಯ ಎದುರು ನನ್ನ ಪಾಠ, ಸಂಜೆ ತಂಬೂರಿಯ ಎದುರು ಆಯಿಯ ಪಾಠ. ನಡುವೆ ಗುರುಗಳ ಪಾಠ. ಮೂರು ಮತಗಳ ನಡುವೆ ಆ ಹುಡುಗಿ ಹೇಗೆ ಬದುಕಿಕೊಂಡಿದ್ದಾಳೆಂಬುದು ನನಗೆ ಬೆರಗು. ಯಾರಂತೆ ಹಾಡಬೇಕೆಂದು ಒಮ್ಮೆಯೂ ನಮ್ಮನ್ನು ಕೇಳಿಲ್ಲ. ಕೇಳಿದ್ದರೆ ಮನೆ ಎರಡು ಪಾಲಾಗುತ್ತಿತ್ತು.

ಹಾಡಿದ ಆ ಸಂಜೆ ತಂಬೂರಿಯನ್ನು ಗೋಡೆಗೆ ಒರಗಿಸುತ್ತ ಪತ್ನಿ ನನ್ನ ಕಡೆ ತಿರುಗಿ, "ಈಗರ ಒಪ್ಪಿದಿರೇನು?" ಎಂದು ಕೇಳಿದ್ದಳು. ಒಪ್ಪಿಕೊಂಡರೆ ವಾದ ಮುಗಿಯುತ್ತದೆ. ವಾದ ಮುಗಿದರೆ ತಂಬೂರಿಗೆ ಮತ್ತೆ ಗವಸು ಬೀಳಬಹುದು. ಅಲ್ಲದೆ ನಾನು ಒಪ್ಪಿಯೂ ಇರಲಿಲ್ಲ. ಗಾಂಧಾರದ ಮೇಲೆ ದೀರ್ಘವಾಗಿ ನಿಂತು, ತನ್ನ ಗಾಂಧಾರವನ್ನು ತಂಬೂರಿಯ ಗಾಂಧಾರದಲ್ಲಿ ಎರಡೆಂದು ತಿಳಿಯದಂತೆ ಬೆರೆಸಿಬಿಡುವುದಿದೆಯಲ್ಲ, ಆ ಸುಖ ಮುಟ್ಟಿ ಬಿಡುವವರಿಗೆ ಎಲ್ಲಿಂದ ಬರಬೇಕು? ಕಿರಾಣೆಯವರು ತಂಬೂರಿಯ ಶ್ರುತಿಗಾಗಿ ಅಷ್ಟು ಹೊತ್ತು ಕಳೆಯುವುದು ಅದಕ್ಕಾಗಿಯೇ ಅಲ್ಲವೆ? ಇದನ್ನು ಅವಳಿಗೆ ಹೇಳಿದೆ.

"ಇಷ್ಟು ಹೇಳಿದರೂ ತಿಳೀಲಿಲ್ಲ ನಿಮಗ" ಎಂದು ಅವಳು ಮತ್ತೆ ಕುಳಿತು ತಂಬೂರಿಯನ್ನು ಮಡಿಲಿಗೆ ಎಳೆದುಕೊಂಡಳು. ಬಿರಡೆ ಹಿಡಿದು ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಂಡಳು.